ಅಂವ ಯಾ ಊರಾಂವ ಹಾನ?

ಔರಾದ್ ತಾಲ್ಲೂಕಿನ ನಮ್ಮ ಮನೆಗೆ ಆರು ವರ್ಷದ ಹಿಂದೆ ಛತ್ತು ಹಾಕಿಸಿದೆವು. ಬೀದರಿನಿಂದ ಬಂದ ಗುತ್ತೇದಾರನೊಬ್ಬ ಚದರಡಿ ಲೆಕ್ಕದಲ್ಲಿ ಮಾತಾಡಿ, ಅರ್ಧ ಹಣ ಮೊದಲೇ ಪಡೆದು, ಒಂದೇ ದಿನದಲ್ಲಿ ಕಾಂಕ್ರೀಟ್ ಸುರಿಸಿ ಹೋದ. ಮೂರನೆಯ ಮಳೆಗಾಲಕ್ಕೆ ಅಡುಗೆಮನೆಯ ಮೂಲೆ ತೊಟ್ಟಿಕ್ಕತೊಡಗಿತು. ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ. ಅಪ್ಪ ಗುತ್ತೇದಾರನನ್ನು ಬೈದರು, ಅವ್ವ ಅಪ್ಪನನ್ನು ಬೈದಳು. ಅಜ್ಜಿ ಕೇಳಿದ್ದು ಒಂದೇ ಮಾತು: “ಅಂವ ಯಾ ಊರಾಂವ ಹಾನ?” ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪರಊರಿನವರನ್ನು ಅನುಮಾನಿಸುವ ಹಳೆಯ ರೂಢಿ ಇದು ಎಂದು ಆಗ ನಾನು ನಕ್ಕಿದ್ದೆ. ಈ ಸೀಮೆಯ ಚರಿತ್ರೆಯನ್ನೇ ಓದತೊಡಗಿದ ಮೇಲೆ ಆ ಪ್ರಶ್ನೆಯ ಹಿಂದೆ ಒಂದು ವ್ಯವಸ್ಥೆಯೇ ಇತ್ತು ಎಂಬುದು ತಿಳಿಯಿತು. ಆ ವ್ಯವಸ್ಥೆ ಎಲ್ಲಿ ಸೋತಿತು ಎಂಬುದೂ ತಿಳಿಯಿತು.

ಬೀದರಿನಲ್ಲಿ ಛಾವಣಿ ಎಂದರೆ ಹೊರಗಿನವರಿಗೆ ನೆನಪಾಗುವುದು ಗುಮ್ಮಟಗಳು. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ, ಕೆಂಪುಕಲ್ಲಿನ ಈ ದಿಬ್ಬದ ಮೇಲೆ ಗಚ್ಚಿನ ಗುಮ್ಮಟಗಳೂ ಕಮಾನುಗಳೂ ಎದ್ದವು. ಅಷ್ಟೂರಿನಲ್ಲಿರುವ ಅವನ ಗೋರಿಯ ಒಳಗೆ ಬಣ್ಣದ ಚಿತ್ತಾರ ಬರೆದ ಶುಕ್ರುಲ್ಲಾ ಖಜ್ವೀನಿಯ ಹೆಸರು ಉಳಿದಿದೆ. ಹತ್ತಿರದ ಚೌಖಂಡಿಯ ಶಾಸನದಲ್ಲಿ ಲಿಪಿಕಾರ ಶಿರಾಜ್‌ನ ಮುಘೀಸನ ಹೆಸರಿದೆ. ಆ ಗುಮ್ಮಟವನ್ನು ಕಟ್ಟಿ ನಿಲ್ಲಿಸಿದವರ ಹೆಸರು ಮಾತ್ರ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಪಕ್ಕದಲ್ಲೇ ಸಿಡಿಲು ಬಡಿದು ಸೀಳಿದ ಹುಮಾಯೂನ್ ಶಾಹನ ಗೋರಿಯ ಮುಂದೆ ನಿಂತರೆ, ಒಡೆದ ಗುಮ್ಮಟದ ದಪ್ಪವೂ ಕಟ್ಟಡದ ಒಳಬಗೆಯೂ ಬರಿಗಣ್ಣಿಗೆ ಕಾಣುತ್ತವೆ. ಒಳಗೇನಿದೆ ಎಂದು ತೋರಿಸುವ ಛಾವಣಿ ಅಪರೂಪ. ಸಾಮಾನ್ಯವಾಗಿ ಅದು ಬಿದ್ದ ಮೇಲೆಯೇ ಕಾಣುವುದು.

ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಮಾಂಜ್ರಾ, ಕಾರಂಜಾ ನದಿಗಳ ಎರೆಭೂಮಿ. ಇಲ್ಲಿ ಜನ ಬದುಕಿದ್ದು ಮಾಳಿಗೆ ಮನೆಗಳಲ್ಲಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ತಪ್ಪಲು, ಆಮೇಲೆ ಹದಮಾಡಿದ ಮಣ್ಣು. ಎಲ್ಲದರ ಮೇಲೆ ಕರಲು ಮಣ್ಣಿನ ಹೊದಿಕೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಸವಳು ತುಂಬಿದ ಕರಲು ಮಣ್ಣು ನೀರು ತಾಗಿದೊಡನೆ ಕದಡಿ, ಸಣ್ಣ ಸಣ್ಣ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮನೆಯನ್ನು ಅಳೆಯುತ್ತಿದ್ದುದೂ ಅಂಕಣಗಳ ಲೆಕ್ಕದಲ್ಲಿ, ಅಂದರೆ ಕಂಬದಿಂದ ಕಂಬಕ್ಕೆ.

ಈ ಛಾವಣಿಗೆ ಒಂದು ಗುಣವಿತ್ತು. ಅದರ ತಪ್ಪು ಮೊದಲ ಮಳೆಗೇ ಬಯಲಾಗುತ್ತಿತ್ತು. ಹೀಗಾಗಿ ಮಿರಗಕ್ಕೆ ಮುಂಚೆ ಪ್ರತಿ ವರ್ಷ ಯಾರಾದರೂ ಮಾಳಿಗೆ ಹತ್ತಲೇಬೇಕು: ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹರಡಿ ಬಡಿಯಬೇಕು. ಕಂಬ, ತೊಲೆ, ಜಂತಿಯ ಕೆಲಸ ಊರ ಬಡಿಗನದು. ಅವನಿಗೆ ಸಿಗುತ್ತಿದ್ದುದು ದಿನಗೂಲಿಯಲ್ಲ, ಆಯ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲಿನ ಕಾಳು. ಗಡಿಯಾಚೆಯ ಮರಾಠಿ ಊರುಗಳಲ್ಲಿ ಇದನ್ನೇ ಬಲುತೆ ಎನ್ನುತ್ತಾರೆ. ಜಂತಿ ಮುರಿದರೆ ಬಡಿಗ ನಾಲ್ಕು ಮನೆ ಆಚೆ ಇದ್ದಾನೆ, ಸುಗ್ಗಿಯಲ್ಲಿ ನಮ್ಮದೇ ಕಣಕ್ಕೆ ಬರುತ್ತಾನೆ. ಅಜ್ಜಿಯ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಊರು ಗೊತ್ತಿದ್ದರೆ ಆಳು ಗೊತ್ತು, ಆಳು ಗೊತ್ತಿದ್ದರೆ ಕೆಲಸಕ್ಕೆ ಜವಾಬ್ದಾರಿ ಇದೆ.

ಇದನ್ನು ಚಂದದ ಹಳೆಯ ಕಾಲವೆಂದು ಹೊಗಳಲಾರೆ. ಬಡಿಗನನ್ನು ಯಾರೂ ಆರಿಸುತ್ತಿರಲಿಲ್ಲ. ಅವನೂ ಮನೆಗಳನ್ನು ಆರಿಸುವಂತಿರಲಿಲ್ಲ. ಅವನನ್ನು ಕಟ್ಟಿಹಾಕಿದ್ದು ಜಾತಿ. ಮಾಳಿಗೆಗೆ ಮಣ್ಣು ಹೊತ್ತವರಲ್ಲಿ ಎಷ್ಟೋ ಮಂದಿ ಮಲಗುತ್ತಿದ್ದುದು ಊರ ಹೊರಗಿನ ಹುಲ್ಲಿನ ಗುಡಿಸಲಲ್ಲಿ. ನಾವು ನಂಬಿಕೆ ಎನ್ನುತ್ತಿದ್ದುದರಲ್ಲಿ ಅರ್ಧ ಪಾಲು ಹೀಗೆ ಇನ್ನೊಬ್ಬರ ಕಟ್ಟುಪಾಡಾಗಿತ್ತು.

ಆ ನಂಬಿಕೆಯ ಇನ್ನೊಂದು ಕೊರತೆ ಕಂಡದ್ದು 1993ರಲ್ಲಿ. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳೇ. ಭಾಷಾವಾರು ವಿಂಗಡಣೆಯಲ್ಲಿ ಅವು ಆಚೆ ಹೋದವು, ಬೀದರ, ಭಾಲ್ಕಿ, ಔರಾದ್ ಈಚೆ ಬಂದವು. ಮಾಳಿಗೆಗಳಿಗೆ ಆ ಗಡಿ ಗೊತ್ತಿರಲಿಲ್ಲ. ಎರಡೂ ಕಡೆ ಅದೇ ಮಣ್ಣು, ಅದೇ ಗೋಡೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ನಿಲಂಗಾದ ಆಚೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಯಿತು. ಸುಮಾರು 10 ಸಾವಿರ ಜನ ಸತ್ತರು. ನಮ್ಮ ಊರಲ್ಲೂ ಪಾತ್ರೆಗಳು ಉರುಳಿದ್ದವಂತೆ. ತಿಂಗಳುಗಟ್ಟಲೆ ಅಂಗಳದಲ್ಲೇ ಮಲಗಿದೆವು ಎಂದು ಅಜ್ಜಿ ಇಂದಿಗೂ ಹೇಳುತ್ತಾಳೆ.

ಕೊಂದದ್ದು ನೆಲವಲ್ಲ, ಮನೆ. ಮಣ್ಣಿನ ಗಾರೆಯಲ್ಲಿ ಗುಂಡುಕಲ್ಲು ಪೇರಿಸಿದ ದಪ್ಪ ಗೋಡೆಗಳ ಒಳಮುಖ, ಹೊರಮುಖಗಳನ್ನು ಬಿಗಿಯುವ ಉದ್ದಕಲ್ಲುಗಳಿರಲಿಲ್ಲ. ಮೇಲೆ ವರ್ಷವರ್ಷವೂ ಹಾಕುತ್ತ ಬಂದ ಮಣ್ಣು ಅರ್ಧ ಮೀಟರನ್ನೂ ದಾಟಿತ್ತು. ಲೆಕ್ಕ ಸರಳ. ಒಂದು ಘನ ಮೀಟರ್ ಮಣ್ಣು ಸುಮಾರು 1,600 ಕಿಲೊ. ಅರ್ಧ ಮೀಟರ್ ದಪ್ಪವಿದ್ದರೆ ಪ್ರತಿ ಚದರ ಮೀಟರಿಗೆ 800 ಕಿಲೊ. ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ಮಲಗಿದವರ ತಲೆಯ ಮೇಲೆ ಏಳು ಟನ್ನಿಗೂ ಹೆಚ್ಚು. ಎಷ್ಟೋ ಕಡೆ ಗೋಡೆ ಕುಸಿದರೂ ಕಟ್ಟಿಗೆಯ ಕಂಬ-ತೊಲೆಗಳು ನಿಂತಿದ್ದವು. ಹಗುರವಾದ ಹುಲ್ಲಿನ ಗುಡಿಸಲುಗಳು ಉಳಿದವು.

ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಮಣ್ಣು ಹಾಕಿದವನು ಊರವನೇ, ಪ್ರಾಮಾಣಿಕನೇ. ಸೋರದ ಹಾಗೆ ಮಾಡು ಎಂದರು, ಮಾಡಿದ. ಆದರೆ ಹೊಸದು ಹಾಕುವ ಮೊದಲು ಹಳೆಯದನ್ನು ತೆಗೆದೆಯಾ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಆಗಿನ ಸರ್ಕಾರಿ ನಕ್ಷೆಯಲ್ಲೂ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟರು. ಒಳ್ಳೆಯ ಮನುಷ್ಯ ಎಂಬುದು ಒಳ್ಳೆಯ ಛಾವಣಿಗೆ ಸಾಕಾಗುವುದಿಲ್ಲ.

ಭೂಕಂಪದ ಮರುವರ್ಷ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿ ಕಾರ್ಯಕ್ರಮ ಶುರು ಮಾಡಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆಡೆ ಕಟ್ಟಿದರು. ಇದರ ಹೊರತಾಗಿ ಸುಮಾರು 2 ಲಕ್ಷ ಮನೆಗಳ ದುರಸ್ತಿಯನ್ನು ಮನೆಯವರ ಕೈಗೇ ಬಿಟ್ಟರು. ಹಣ ಕಂತುಕಂತಾಗಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಗೌಂಡಿಯನ್ನು ಹುಡುಕಬೇಕಾದವರು ಮನೆಯವರು. ಊರಿನ ಮಹಿಳಾ ಮಂಡಳಗಳ ಹೆಂಗಸರನ್ನು ‘ಸಂವಾದ ಸಹಾಯಕ’ರನ್ನಾಗಿ ಮಾಡಿ, ಕೆಲಸ ನೋಡುವ, ತಿಳಿಸಿ ಹೇಳುವ ಹೊಣೆ ಕೊಟ್ಟರು. ಛಾವಣಿಯ ಕೆಳಗೆ ದಿನವಿಡೀ ದುಡಿಯುವವರು ಅದರ ಬಗ್ಗೆ ಪ್ರಶ್ನೆ ಕೇಳುವ ಅಧಿಕಾರ ಪಡೆದರು. ಹಳೆಯ ಗೋಡೆಯನ್ನು ಬಲಪಡಿಸಿಕೊಳ್ಳಿ ಎಂದರೂ ಬಹಳ ಜನ ಒಪ್ಪಲಿಲ್ಲ. ಅದೇ ಹಣದಲ್ಲಿ ಇಟ್ಟಿಗೆ-ಸಿಮೆಂಟಿನ ಒಂದು ಹೊಸ ಕೋಣೆ ಕಟ್ಟಿಕೊಂಡರು. ಕಲ್ಲು-ಮಣ್ಣಿನ ಮೇಲಿನ ನಂಬಿಕೆ ಹೋಗಿ ಸಿಮೆಂಟಿನ ಮೇಲೆ ಕೂತಿತು.

ಗಡಿಯ ಈಚೆಗೂ ಆ ನಂಬಿಕೆ ಬಂದಿದೆ. ಈಗ ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಅನುಕೂಲವಿದ್ದವರು ಛತ್ತು, ಇಲ್ಲದವರು ಪತ್ರಾ ಹಾಕಿಸುತ್ತಾರೆ. ಐದಿಂಚಿನ ಛತ್ತು ಚದರ ಮೀಟರಿಗೆ ಸುಮಾರು 300 ಕಿಲೊ ತೂಗುತ್ತದೆ, ಹಳೆಯ ಮಾಳಿಗೆಯ ಅರ್ಧಕ್ಕಿಂತ ಕಡಿಮೆ. ಆದರೆ ಕೆಲಸ ತುಂಡುತುಂಡಾಗಿದೆ. ಸೆಂಟ್ರಿಂಗ್‌ನವರು ಬೇರೆ, ಸರಳು ಕಟ್ಟುವವರು ಬೇರೆ, ಕಾಂಕ್ರೀಟ್ ಸುರಿಯುವ ಗುಂಪು ಬೇರೆ. ಬೇಗ ಹರಿಯಲೆಂದು ನೀರು ಹೆಚ್ಚು ಬೆರೆಸಿದ್ದು, ಸರಳು ಹಲಗೆಗೆ ತಾಗಿ ಕೂತದ್ದು, ವಾರ ಹತ್ತು ದಿನ ನೀರು ನಿಲ್ಲಿಸದೆ ಬಿಟ್ಟದ್ದು ಸಂಜೆಯ ಹೊತ್ತಿಗೆ ಯಾವುದೂ ಕಾಣುವುದಿಲ್ಲ. ಸರಳು ತುಕ್ಕು ಹಿಡಿದು ಸಿಮೆಂಟ್ ಉದುರುವುದಕ್ಕೆ ವರ್ಷಗಳು ಬೇಕು. ಮಾಳಿಗೆಯ ತಪ್ಪು ಮಿರಗಕ್ಕೆ ಕಾಣುತ್ತಿತ್ತು. ಛತ್ತಿನ ತಪ್ಪು ಕಾಣುವ ಹೊತ್ತಿಗೆ ಗುತ್ತೇದಾರ ಎಲ್ಲಿಗೋ ಹೋಗಿರುತ್ತಾನೆ.

ಕಾನೂನು ಇಲ್ಲವೆಂದಲ್ಲ. ಅದೇ 1993ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಮನೆ ನಿರ್ಮಾಣವೂ ‘ಸೇವೆ’ಯ ವ್ಯಾಖ್ಯೆಯೊಳಗೆ ಬಂತು. ಆದರೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಬಾಯಿಮಾತಿನ ಕರಾರು ನಡೆಯುತ್ತಿದ್ದುದು ಎರಡೂ ಕಡೆಯವರು ಒಂದೇ ಊರಲ್ಲಿ ಬಾಳಬೇಕಿದ್ದ ಕಾಲದಲ್ಲಿ. ಆಳು ಬದಲಾದ, ನಾವು ಮಾತ್ರ ಹಳೆಯ ಬಾಯಿಮಾತನ್ನೇ ಹಿಡಿದು ಕೂತಿದ್ದೆವು.

ಈ ಬೇಸಿಗೆಯಲ್ಲಿ ದುರಸ್ತಿಗೆ ಹೊಸ ಮಿಸ್ತ್ರಿಯನ್ನು ಹುಡುಕಿದೆವು. ಅವರು ಭಾಲ್ಕಿಯ ಕಡೆ ಐದಾರು ವರ್ಷದ ಹಿಂದೆ ಕೆಲಸ ಮಾಡಿದ ಎರಡು ಮನೆಗಳಿಗೆ ಅವ್ವ ತಾನೇ ಹೋಗಿ, ಅಲ್ಲಿನ ಅಡುಗೆಮನೆಯಲ್ಲಿ ನಿಂತು ತಲೆಯೆತ್ತಿ ನೋಡಿ ಬಂದಳು. ಹಳೆಯ ಗಿಲಾವು ಕಿತ್ತು ತೂಕ ಇಳಿಸದೆ ಹೊಸದು ಹಾಕಕೂಡದು, ನೀರು ಹರಿಯುವ ಇಳಿಜಾರನ್ನು ನಮ್ಮ ಮುಂದೆಯೇ ಕೊಡ ಸುರಿದು ತೋರಿಸಬೇಕು ಎಂದು ಕಾಗದದಲ್ಲಿ ಬರೆದೆವು. ಕೊನೆಯ ಕಂತು ಮಿರಗ, ಆರಿದ್ರಾ ಎರಡೂ ಮಳೆ ಆದ ಮೇಲೆ. ಮಿಸ್ತ್ರಿ ಸ್ವಲ್ಪ ಯೋಚಿಸಿ ಸಹಿ ಹಾಕಿದರು.

ಕಾಗದ ಓದಿ ಹೇಳಿದಾಗ ಅಜ್ಜಿಗೆ ಕೊನೆಯ ಕಂತಿನ ಮಾತು ಹಿಡಿಸಿತು. “ಹಂಗಾರ ಇದು ಆಯಾನೇ ಆತಲ್ಲ” ಅಂದಳು. ಮಳೆ ಕಳೆದು ರಾಶಿ ಆದ ಮೇಲೆ ಬಡಿಗನ ಪಾಲು ಅಳೆದು ಕೊಡುತ್ತಿದ್ದುದು ಅವಳಿಗೆ ನೆನಪಿತ್ತು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, ಕೇಳದೆ ಬಿಡಲಾರದೆ, ಕೇಳಿಯೇಬಿಟ್ಟಳು: “ಯಾ ಊರಾಂವ ಹಾದಿಯಪ್ಪಾ ನೀ?”