ಹುಲ್ಲಿನ ಚರಿತ್ರೆಗೊಂದು ಕ್ಯಾಮೆರಾ

ಡಿಸ್ಕವರಿ ಚಾನೆಲ್ ಭಾರತಕ್ಕೆ ಬಂದದ್ದು 1995ರಲ್ಲಿ. ಆಗ ನಾನು ತುಮಕೂರಿನಲ್ಲಿ ಹೈಸ್ಕೂಲು ಹುಡುಗ. ಕೇಬಲ್ ಇದ್ದದ್ದು ಪಕ್ಕದ ಮನೆಯಲ್ಲಿ. ಅವರ ಚಾಪೆಯ ಮೇಲೆ ಕುಳಿತು ಅಮೆರಿಕದ ಬಯಲುಗಳಲ್ಲಿ ಓಡುವ ಬೈಸನ್‌ಗಳನ್ನು ನೋಡುತ್ತಿದ್ದ ನಮಗೆ, ವನ್ಯಜೀವಿ ಎಂದರೆ ಟಿ.ವಿ.ಯೊಳಗೆ ವಾಸಿಸುವ ಪ್ರಾಣಿ ಎಂಬ ನಂಬಿಕೆಯೇ ಬಂದುಬಿಟ್ಟಿತ್ತು. ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುತ್ತಿವೆ ಎಂದು ನನಗೆ ತಿಳಿದದ್ದು ಬಿ.ಎಸ್ಸಿ. ಮುಗಿದ ಮೇಲೆ!

ಅಮೆರಿಕನ್ನರ ಸಾಕ್ಷ್ಯಚಿತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚು ತರಿಸುವುದು ಅವರ ಕ್ಯಾಮೆರಾಗಳಲ್ಲ, ಅವರ ಕಾಗದಪತ್ರ. 1990ರ ಸೆಪ್ಟೆಂಬರ್‌ನಲ್ಲಿ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಐದು ರಾತ್ರಿ ಪ್ರಸಾರವಾಯಿತು. ಸುಮಾರು 4 ಕೋಟಿ ಜನ ಅದನ್ನು ನೋಡಿದರು. ಅದರಲ್ಲಿ ಬಹುಪಾಲು ಇದ್ದದ್ದು ಹಳೆಯ ಫೋಟೋ, ಸೈನಿಕರು ಮನೆಗೆ ಬರೆದ ಪತ್ರ. ಒಂದು ಸ್ಥಿರಚಿತ್ರದ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುತ್ತದೆ, ಹಿನ್ನೆಲೆಯಲ್ಲಿ ಒಂದು ಧ್ವನಿ. ಇಷ್ಟೇ ಉಪಾಯ.

ಇದೇ ಬರ್ನ್ಸ್ 2023ರಲ್ಲಿ ‘ದಿ ಅಮೆರಿಕನ್ ಬಫೆಲೋ’ ತೆಗೆದರು. ಹೆಸರಿಗೆ ಬಫೆಲೋ, ಪ್ರಾಣಿ ಬೈಸನ್, ನಮ್ಮ ಕಾಟಿಗೆ ದೂರದ ನೆಂಟ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಟಿಗಟ್ಟಲೆ ಇದ್ದ ಈ ಪ್ರಾಣಿ, 1880ರ ದಶಕದ ಕೊನೆಯ ಹೊತ್ತಿಗೆ ಸಾವಿರಕ್ಕೂ ಕಡಿಮೆಯಾಯಿತು. ರೈಲು ಬಂತು; ಚರ್ಮದಿಂದ ಯಂತ್ರಗಳಿಗೆ ಬೆಲ್ಟು ಮಾಡುವುದು ಕಲಿತರು; ಬೈಸನ್ನನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳು ಹಸಿವಿನಿಂದ ಮಣಿದರು. ಆ ಕಾಲದ ಒಂದು ಫೋಟೋ ನೀವೂ ನೋಡಿರಬಹುದು. ಬುರುಡೆಗಳ ಗುಡ್ಡ, ತುದಿಯಲ್ಲಿ ಒಬ್ಬ ಮನುಷ್ಯ. ಮೂಳೆಗಳು ಗೊಬ್ಬರಕ್ಕೆ, ಸಕ್ಕರೆ ಶುದ್ಧಿಗೆ ಹೋಗುತ್ತಿದ್ದವು. ಕೊನೆಗೆ 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿದ್ದ 15 ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾದ ಹುಲ್ಲುಗಾವಲಿಗೆ ಮರಳಿಸಿದರು.

ಇದನ್ನು ನೋಡುವಾಗ ನನ್ನ ಮನಸ್ಸು ಗುಬ್ಬಿ ತಾಲ್ಲೂಕಿಗೆ ಓಡಿತು. ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ, ಕುಣಿಗಲ್ ಎಂದರೆ ಕುದುರೆ ಫಾರಂ. ಅಲ್ಲಿಗೆ ನಮ್ಮ ಇತಿಹಾಸ ಮುಗಿಯುತ್ತದೆ. ಆದರೆ ಹಳ್ಳಿಗಳ ಹೆಸರಿಗೆ ಬಾಲದಂತೆ ಅಂಟಿಕೊಂಡಿರುವ ‘ಕಾವಲ್’ ಎಂಬ ಮಾತನ್ನು ಗಮನಿಸಿದ್ದೀರಾ? ಅದು ಹುಲ್ಲುಗಾವಲಿನ ಗುರುತು.

ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ಸಾಕಿಸಿದ ಅರಮನೆಯ ದನಗಳಿಗೆ ಟಿಪ್ಪು ಕೊಟ್ಟ ಹೆಸರು ಅಮೃತ ಮಹಲ್. ಟಿಪ್ಪುವಿನ ಫಿರಂಗಿ ಎಳೆದದ್ದು ಈ ಎತ್ತುಗಳು. ಅವಕ್ಕಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು. ಹಿಂಡು ಋತುವಿಗೆ ತಕ್ಕಂತೆ ನಡೆಯುತ್ತಿತ್ತು, ಹುಲ್ಲು ಮತ್ತೆ ಚಿಗುರುತ್ತಿತ್ತು. ಸಸ್ಯಶಾಸ್ತ್ರ ಓದಿದ ನನಗೆ ಇದಕ್ಕಿಂತ ಜಾಣ ವ್ಯವಸ್ಥೆ ಕಾಣದು. 1799ರ ನಂತರ ಹಿಂಡುಗಳು ಬ್ರಿಟಿಷರ ಕೈಸೇರಿದವು. ಖರ್ಚು ಹೆಚ್ಚೆಂದು 1860ರಲ್ಲಿ ಇಲಾಖೆಯನ್ನೇ ಮುಚ್ಚಿದರು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತು ಬೇಕಾಗಿ 1866ರಲ್ಲಿ ಮತ್ತೆ ತೆರೆದರು. ಅಮೆರಿಕದಲ್ಲಿ ಬೈಸನ್ ಬೇಟೆ ಉತ್ತುಂಗಕ್ಕೇರುವ ಮುನ್ನವೇ ಇಲ್ಲಿ ಒಂದು ಹಿಂಡನ್ನು ಕೆಡಿಸಿ, ಮತ್ತೆ ಕಟ್ಟುವ ಕೆಲಸ ನಡೆದಿತ್ತು!

ಇಂಥ ಬಯಲುಗಳಲ್ಲಿ ದನಗಳ ಜೊತೆ ಕೃಷ್ಣಮೃಗ, ತೋಳಗಳೂ ಬದುಕಿದವು. ಮರವಿಲ್ಲದ ನೆಲವನ್ನು ಪಾಳು ಎಂದೇ ಎಣಿಸುವ ನಮಗೆ ಅದು ಕಾಣಲಿಲ್ಲ. ಕಾವಲುಗಳು ಉಳುಮೆಗೆ, ನೀಲಗಿರಿ ತೋಪಿಗೆ, ಕಾರ್ಖಾನೆಗೆ ಕರಗುತ್ತ ಬಂದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆ ಬೇಡವೆಂದು ನಾನು ಹೇಳುವುದಿಲ್ಲ. ಊರ ಹುಡುಗರಿಗೆ ಕೆಲಸ ಬೇಕು. ಆದರೆ ಅಲ್ಲಿ ಮೊದಲು ಏನಿತ್ತು ಎಂದು ತೋರಿಸುವ ಒಂದು ಅಡಿ ಫಿಲ್ಮೂ ನನ್ನ ಬಳಿ ಇಲ್ಲ. ಕ್ಯಾಮೆರಾ ಕೈಗೆ ಬಂದಾಗ ನಾನೂ ಎಲ್ಲರಂತೆ ಆನೆ, ಹುಲಿ ಹುಡುಕಿಕೊಂಡು ನಾಗರಹೊಳೆಗೇ ಓಡಿದವನು. ಮೈದೇನಹಳ್ಳಿಯ ಸುಮಾರು 800 ಎಕರೆಗೆ 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂಬ ರಕ್ಷಣೆ ಸಿಕ್ಕಿತು. ಉಳಿದ ಬಯಲುಗಳ ಕಥೆಯನ್ನು ಕಂದಾಯದ ಕಡತ ಮತ್ತು ಮುದುಕರ ನೆನಪಿನಿಂದಲೇ ಕಟ್ಟಬೇಕು.

ಆ ಚಿತ್ರವನ್ನು ಮಾಡಬೇಕೆಂದಿದ್ದೇನೆ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಕಾವಲಿನ ದನಗಳ ಜೊತೆ ಅಜ್ಜ ನಿಂತ ಒಂದು ಮಾಸಿದ ಫೋಟೋ ಇದ್ದೀತು, ಹುಲ್ಲು ಹರಾಜಿನ ಒಂದು ರಸೀದಿ ಇದ್ದೀತು. ಗೆದ್ದಲು ಮುಟ್ಟುವ ಮೊದಲು ಒಮ್ಮೆ ತೆಗೆದು ನೋಡಿ. ನಮಗೊಂದು ಕಾರ್ಡು ಹಾಕಿ. ಕ್ಯಾಮೆರಾ ಹೊತ್ತು ನಾವೇ ಬರುತ್ತೇವೆ.