ಮಕ್ಕಳಲ್ಲಿ ಐಜಿಎ ವ್ಯಾಸ್ಕ್ಯುಲೈಟಿಸ್: ಮೂತ್ರಪಿಂಡದ ತೊಂದರೆಗಳು ಮತ್ತು ಅನುಸರಣಾ ತಪಾಸಣೆ

ಐಜಿಎ ವ್ಯಾಸ್ಕ್ಯುಲೈಟಿಸ್ ಎಂಬುದು ಚಿಕ್ಕ ರಕ್ತನಾಳಗಳ ಉರಿಯೂತದ ಕಾಯಿಲೆಯಾಗಿದ್ದು, ಹೆಚ್ಚಾಗಿ 10 ವರ್ಷದೊಳಗಿನ ಮಕ್ಕಳಲ್ಲಿ, ಅನೇಕ ವೇಳೆ ಶೀತ ಅಥವಾ ಗಂಟಲು ಸೋಂಕಿನ ಅನಂತರ ಕಂಡುಬರುತ್ತದೆ. ಇದರ ಹಿಂದಿನ ಹೆಸರು ಹೆನಾಕ್-ಶೋನ್‌ಲೈನ್ ಪರ್ಪ್ಯುರಾ (ಹೆಚ್.ಎಸ್.ಪಿ.). 2012ರಲ್ಲಿ ಹೊಸ ಹೆಸರನ್ನು ಸೂಚಿಸಲಾಯಿತು. ಆಸ್ಪತ್ರೆಯ ದಾಖಲೆಯಲ್ಲಿ ಯಾವ ಹೆಸರಿದ್ದರೂ ಕಾಯಿಲೆ ಒಂದೇ.

ಲಕ್ಷಣಗಳು
ಕಾಲು ಮತ್ತು ಪೃಷ್ಠಭಾಗದಲ್ಲಿ, ಒತ್ತಿದರೂ ಮಾಸದ ಕೆಂಪು-ನೇರಳೆ ಕಲೆಗಳು, ಕೀಲುನೋವು ಹಾಗೂ ಹೊಟ್ಟೆನೋವು. ಬಹುಪಾಲು ಮಕ್ಕಳಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ.

ಮೂತ್ರಪಿಂಡದ ತೊಂದರೆ
ಕಲೆಗಳು ಮಾಸಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ಮೂತ್ರದಲ್ಲಿ ರಕ್ತ ಅಥವಾ ಪ್ರೋಟೀನ್ ಹೋಗುತ್ತಿದ್ದರೂ ಮಗುವಿಗೆ ನೋವಾಗಲಿ, ಮೂತ್ರದ ಬಣ್ಣದಲ್ಲಿ ವ್ಯತ್ಯಾಸವಾಗಲಿ ಇಲ್ಲದಿರಬಹುದು. 1,133 ಮಕ್ಕಳನ್ನು ಒಳಗೊಂಡ ಅಧ್ಯಯನಗಳ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಅದರಂತೆ ಸುಮಾರು ಶೇ. 34ರಷ್ಟು ಮಕ್ಕಳಲ್ಲಿ ಮೂತ್ರಪಿಂಡದ ತೊಂದರೆ ಕಂಡುಬಂದಿತು. ಇವರಲ್ಲಿ ಶೇ. 85 ಮಂದಿಗೆ 4 ವಾರಗಳೊಳಗೆ, ಶೇ. 97 ಮಂದಿಗೆ 6 ತಿಂಗಳೊಳಗೆ ಅದು ಕಾಣಿಸಿಕೊಂಡಿತ್ತು.

ಮುನ್ನೋಟ
ಇದೇ ಸಮೀಕ್ಷೆಯಲ್ಲಿ, ಮೂತ್ರ ಪರೀಕ್ಷೆ ಸಹಜವಾಗಿದ್ದ ಯಾವ ಮಗುವಿಗೂ ಶಾಶ್ವತ ಹಾನಿಯಾಗಲಿಲ್ಲ. ಮೂತ್ರದಲ್ಲಿ ರಕ್ತ ಅಥವಾ ಪ್ರೋಟೀನ್ ಮಾತ್ರ ಕಂಡಿದ್ದವರಲ್ಲಿ ಶೇ. 1.6 ಮಂದಿಗೆ ಶಾಶ್ವತ ಹಾನಿಯಾಯಿತು. ಅಧಿಕ ಪ್ರೋಟೀನ್ ನಷ್ಟ, ಊತ ಅಥವಾ ರಕ್ತದೊತ್ತಡ ಮುಂತಾದ ತೀವ್ರ ಲಕ್ಷಣಗಳಿದ್ದವರಲ್ಲಿ ಈ ಪ್ರಮಾಣ ಶೇ. 19.5.

ಪೋಷಕರು ಅನುಸರಿಸಬೇಕಾದ ಕ್ರಮಗಳು
1. ಮಗು ಆರೋಗ್ಯವಾಗಿ ಕಂಡರೂ 6 ತಿಂಗಳ ಕಾಲ ಮೂತ್ರ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸತಕ್ಕದ್ದು. ಮೊದಲ ತಿಂಗಳು ವಾರಕ್ಕೊಮ್ಮೆ, ಅನಂತರ ವೈದ್ಯರು ಸೂಚಿಸಿದಂತೆ.
2. ಪ್ರತಿ ಫಲಿತಾಂಶವನ್ನೂ ದಿನಾಂಕಸಹಿತ ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಪ್ರತಿ ಭೇಟಿಯಲ್ಲಿ ಹಾಜರುಪಡಿಸುವುದು.
3. ಕಲೆಗಳು ಮರುಕಳಿಸಿದಲ್ಲಿ ವೈದ್ಯರಿಗೆ ತಿಳಿಸಿ ಮೂತ್ರ ಪರೀಕ್ಷೆಯನ್ನು ಪುನಃ ಮಾಡಿಸುವುದು.
4. ವೈದ್ಯರ ಸಲಹೆಯಿಲ್ಲದೆ ನೋವುನಿವಾರಕ ಮಾತ್ರೆಗಳನ್ನು ನೀಡಬಾರದು.

ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂದರ್ಭಗಳು
ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗುವುದು ಅಥವಾ ಕಡಿಮೆಯಾಗುವುದು, ಮುಖ ಅಥವಾ ಕಾಲು ಊದಿಕೊಳ್ಳುವುದು, ತೀವ್ರ ತಲೆನೋವು, ಸಹಿಸಲಾಗದ ಹೊಟ್ಟೆನೋವು, ಮಲದಲ್ಲಿ ರಕ್ತ.

ಚಿಕಿತ್ಸೆ
ಸ್ಟಿರಾಯ್ಡ್ ಔಷಧಿಗಳು ತೀವ್ರ ಹೊಟ್ಟೆನೋವನ್ನು ಕಡಿಮೆ ಮಾಡಬಲ್ಲವು. ಆದರೆ ಆರಂಭದಲ್ಲಿಯೇ ನೀಡುವುದರಿಂದ ಮೂತ್ರಪಿಂಡದ ತೊಂದರೆ ತಪ್ಪುವುದಿಲ್ಲವೆಂದು ಅಧ್ಯಯನಗಳು ತಿಳಿಸಿವೆ. ಆದುದರಿಂದ ತಪಾಸಣೆಗೆ ಅವು ಪರ್ಯಾಯವಲ್ಲ. ಪ್ರೋಟೀನ್ ನಷ್ಟ ಮುಂದುವರಿದಲ್ಲಿ ಮೂತ್ರಪಿಂಡ ತಜ್ಞರು ಬಯಾಪ್ಸಿ ಪರೀಕ್ಷೆ ನಡೆಸಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.

ಬಾಲ್ಯದಲ್ಲಿ ಮೂತ್ರಪಿಂಡದ ತೊಂದರೆಯಾಗಿದ್ದ ಹೆಣ್ಣುಮಕ್ಕಳು ಮುಂದೆ ಗರ್ಭಿಣಿಯರಾದಾಗ ಈ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.