ಮೂರನೆಯ ತಂತಿ

ಆಟಿಕೆಗಳ ಚರಿತ್ರೆಯನ್ನು ಯಾರೂ ಪಠ್ಯಪುಸ್ತಕಗಳಲ್ಲಿ ಬರೆಯುವುದಿಲ್ಲ. ಅರಸರ ವಂಶಾವಳಿಗೂ ಯುದ್ಧಗಳ ಇಸವಿಗಳಿಗೂ ದೊರೆಯುವ ಪುಟಗಳು ಬುಗುರಿಗೂ ಗೋಲಿಗೂ ದೊರೆಯವು. ಆದರೆ ಕೆಲವು ಆಟಿಕೆಗಳನ್ನು ಬಿಚ್ಚಿ ನೋಡಿದರೆ, ಒಂದು ಶತಮಾನದ ವಿಜ್ಞಾನವೇ ಒಳಗೆ ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ. ಸ್ಲಾಟ್ ಕಾರು ಅಂಥದೊಂದು ಆಟಿಕೆ. ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗಳೊಡನೆ ಮನೆಯಲ್ಲಿಯೇ ಇಂಥ ಕಾರುಗಳ ಓಟದ ಹಾದಿಯೊಂದನ್ನು ಕಟ್ಟುತ್ತಿದ್ದಾರೆ. ಕೈಯಲ್ಲಿ ಹಿಡಿಯುವ ನಿಯಂತ್ರಕದಿಂದ ಮೂರು ತಂತಿಗಳು ಹೊರಬರುವುದೇಕೆ, ಎರಡು ಸಾಲದೇ ಎಂದು ಅವರು ಕೇಳಿದ್ದಾರೆ. ಉತ್ತರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಆ ವಾಕ್ಯದ ಹಿಂದಿರುವ ಮನುಷ್ಯರನ್ನು ಬಿಟ್ಟು ಹೇಳಲು ಮಾತ್ರ ನನಗೆ ಮನಸ್ಸಾಗಲಿಲ್ಲ.

ಮೊದಲು ಈ ಆಟಿಕೆಯ ಸ್ವರೂಪವನ್ನು ತಿಳಿಯೋಣ. ಹಾದಿಯ ಉದ್ದಕ್ಕೂ ಒಂದು ಸೀಳು. ಸೀಳಿನ ಎರಡು ಅಂಚುಗಳಲ್ಲಿ ಎರಡು ಲೋಹದ ಪಟ್ಟಿಗಳು. ಕಾರಿನ ಮೂತಿಯ ಕೆಳಗಿರುವ ಸಣ್ಣ ನಾಲಿಗೆಯೊಂದು ಸೀಳಿನೊಳಗೆ ಇಳಿದು ಕಾರಿಗೆ ದಾರಿ ತೋರುತ್ತದೆ. ನಾಲಿಗೆಯ ಇಕ್ಕೆಲದ ತಾಮ್ರದ ಕುಚ್ಚುಗಳು ಪಟ್ಟಿಗಳನ್ನು ಸವರುತ್ತ ಮೋಟಾರಿಗೆ ವಿದ್ಯುತ್ತನ್ನು ಒದಗಿಸುತ್ತವೆ. ಚುಕ್ಕಾಣಿ ಹಿಡಿಯುವ ಕೆಲಸ ಸೀಳಿನದು. ಆಟಗಾರನ ಪಾಲಿಗೆ ಉಳಿಯುವುದು ವೇಗವೊಂದೇ. ತಿರುವಿನಲ್ಲಿ ವೇಗ ಮೀರಿದರೆ ಕಾರು ಹಾದಿ ಬಿಟ್ಟು ಹಾರುತ್ತದೆ. ವೇಗ ತಗ್ಗಿಸಿದರೆ ಪಕ್ಕದವನು ಮುಂದೆ ಹೋಗುತ್ತಾನೆ. ಆಟದ ಸಾರವೆಲ್ಲ ಇಷ್ಟೇ.

ಹಾದಿಯ ಮೇಲೆ ವಿದ್ಯುತ್ತಿನಿಂದ ಪುಟ್ಟ ಬಂಡಿಯನ್ನು ಓಡಿಸಿದ ಮೊದಲಿಗರಲ್ಲಿ ಅಮೆರಿಕದ ವರ್ಮಾಂಟ್ ಸೀಮೆಯ ಕಮ್ಮಾರ ಥಾಮಸ್ ಡ್ಯಾವನ್‌ಪೋರ್ಟ್ ಒಬ್ಬ. ಕಬ್ಬಿಣದ ಕಾರ್ಖಾನೆಯೊಂದರಲ್ಲಿ ವಿದ್ಯುತ್ಕಾಂತವನ್ನು ಕಂಡು ಬೆರಗಾದ ಈತ, ತಾನೇ ಮೋಟಾರೊಂದನ್ನು ರಚಿಸಿ, 1835ರ ಸುಮಾರಿಗೆ ವೃತ್ತಾಕಾರದ ಪುಟ್ಟ ಹಳಿಯ ಮೇಲೆ ಮಾದರಿ ಬಂಡಿಯನ್ನು ಸುತ್ತಿಸಿ ತೋರಿಸಿದ. ತಂತಿಗೆ ಹೊದಿಸಲು ಅವನ ಹೆಂಡತಿ ಎಮಿಲಿ ತನ್ನ ಮದುವೆಯ ರೇಷ್ಮೆ ಉಡುಪನ್ನೇ ಹರಿದು ಕೊಟ್ಟಳೆಂದು ಹೇಳುವುದುಂಟು. 1837ರಲ್ಲಿ ಅವನ ಮೋಟಾರಿಗೆ ಪೇಟೆಂಟ್ ದೊರೆಯಿತು; ದುಡ್ಡು ದೊರೆಯಲಿಲ್ಲ. ಅಂದಿನ ಬ್ಯಾಟರಿಗಳ ಖರ್ಚಿನೆದುರು ಉಗಿಯಂತ್ರವೇ ಅಗ್ಗವಾಗಿತ್ತು. 1851ರಲ್ಲಿ ಅವನು ತೀರಿಕೊಂಡಾಗ ಪ್ರಪಂಚಕ್ಕೆ ಅವನ ಯಂತ್ರ ಬೇಕೆನಿಸಿರಲಿಲ್ಲ.

ಬಂಡಿ ಓಡಿದರೆ ಸಾಲದು, ಅದರ ವೇಗ ನಮ್ಮ ಕೈಯಲ್ಲಿರಬೇಕು. ಇದಕ್ಕೆ ಬೇಕಾದ ಸೂತ್ರವನ್ನು ಕೊಟ್ಟವನು ನನ್ನಂತೆಯೇ ಒಬ್ಬ ಶಾಲಾ ಮಾಸ್ತರ. ಬೀಗ ಮಾಡುವವನ ಮಗನಾದ ಗೇಯೊರ್ಗ್ ಓಮ್ ಜರ್ಮನಿಯ ಕಲೋನ್ ನಗರದ ಪ್ರೌಢಶಾಲೆಯಲ್ಲಿ 1817ರಿಂದ ಗಣಿತವನ್ನೂ ಭೌತಶಾಸ್ತ್ರವನ್ನೂ ಬೋಧಿಸುತ್ತಿದ್ದ. ಶಾಲೆಯ ಪ್ರಯೋಗಾಲಯದಲ್ಲಿ ಬಗೆಬಗೆಯ ತಂತಿಗಳನ್ನಿಟ್ಟು ಅಳೆದು, 1827ರಲ್ಲಿ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ. ಸ್ವದೇಶದ ಪಂಡಿತರು ಅದನ್ನು ಆದರಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕೋಪ್ಲಿ ಪದಕವನ್ನಿತ್ತ ಮೇಲೆಯೇ ಅವನ ಕೀರ್ತಿ ನೆಲೆಗೊಂಡದ್ದು. ವಿಭವಾಂತರ, ಪ್ರವಾಹ, ರೋಧ ಎಂಬ ಮೂರರ ಸಂಬಂಧವನ್ನು ನಿಮ್ಮಲ್ಲಿ ಎಷ್ಟು ಮಂದಿ ನನ್ನ ಎದುರಿನಲ್ಲಿ ಕರಿಹಲಗೆಯ ಮೇಲೆ ಬರೆದಿದ್ದೀರೋ ಲೆಕ್ಕವಿಲ್ಲ. ಅದು ಈ ಮಾಸ್ತರನ ಕೊಡುಗೆ.

ರೋಧವನ್ನು ಬೇಕೆಂದಂತೆ ಹೆಚ್ಚು ಕಡಿಮೆ ಮಾಡುವ ಉಪಕರಣಕ್ಕೆ 1843ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 'ರಿಯೋಸ್ಟಾಟ್' ಎಂದು ಹೆಸರಿಟ್ಟ. ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಮೇಜಿನ ಮೇಲಿದ್ದ ಪಿಂಗಾಣಿಯ ಕೊಳವೆ, ಅದರ ಮೈಗೆ ಒತ್ತಾಗಿ ಸುತ್ತಿದ ತಂತಿ, ಮೇಲೆ ಜಾರುವ ಹಿಡಿ ನಿಮಗೆ ನೆನಪಿರಬೇಕು. ಅದನ್ನೇ ಹೆಬ್ಬೆರಳಿನ ಗಾತ್ರಕ್ಕಿಳಿಸಿ, ಬೆರಳಿಗೊಂದು ಒತ್ತುಗುಂಡಿಯನ್ನೋ ಕುದುರೆಯನ್ನೋ ಜೋಡಿಸಿದರೆ ಸ್ಲಾಟ್ ಕಾರಿನ ನಿಯಂತ್ರಕವಾಯಿತು. ಬಂದೂಕಿನ ಕುದುರೆಯನ್ನು ಎಳೆದಂತೆ ಎಳೆದರೆ ಒಳಗಿನ ಲೋಹದ ಬೆರಳು ತಂತಿಯ ಸುರುಳಿಯ ಮೇಲೆ ಜಾರುತ್ತದೆ; ದಾರಿಯಲ್ಲಿರುವ ರೋಧ ಕಡಿಮೆಯಾಗುತ್ತ ಬರುತ್ತದೆ; ಕಾರಿನ ವೇಗ ಏರುತ್ತದೆ.

ಆದರೆ ಆಟಿಕೆಯ ಚರಿತ್ರೆಯಲ್ಲಿ ಇದು ಕೂಡಲೇ ಆಗಲಿಲ್ಲ. ಅಮೆರಿಕದ ಲಯೊನೆಲ್ ಕಂಪನಿ 1912ರಲ್ಲಿಯೇ ವಿದ್ಯುತ್ ಕಾರುಗಳ ಓಟದ ಹಾದಿಯನ್ನು ಮಾರಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ 1952ರಿಂದ 'ಸ್ಕೇಲೆಕ್ಸ್' ಎಂಬ ಹೆಸರಿನಲ್ಲಿ ಸ್ಪ್ರಿಂಗ್ ಯಂತ್ರದಿಂದ ಓಡುವ ತಗಡಿನ ಕಾರುಗಳನ್ನು ತಯಾರಿಸುತ್ತಿದ್ದ. ಅವಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿ, 'ಎಲೆಕ್ಟ್ರಿಕ್' ಶಬ್ದವನ್ನು ಹಳೆಯ ಹೆಸರಿಗೆ ಬೆಸೆದು, 1957ರ ಹ್ಯಾರೊಗೇಟ್ ಆಟಿಕೆಗಳ ಮೇಳದಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಅನ್ನು ಪ್ರದರ್ಶಿಸಿದ. ಬೇಡಿಕೆ ಎಷ್ಟು ಏರಿತೆಂದರೆ ಪೂರೈಸಲಾರದೆ ಮರುವರ್ಷವೇ ತನ್ನ ಉದ್ಯಮವನ್ನು ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಕಂಪನಿಗೆ ಮಾರಬೇಕಾಯಿತು. ಆ ಮೊದಲ ಕಾರುಗಳಿಗಿದ್ದದ್ದು ಒತ್ತಿದರೆ ಓಟ, ಬಿಟ್ಟರೆ ಇಲ್ಲ ಎಂಬ ಬರಿಯ ಗುಂಡಿ. ಬೆರಳಿನ ಒತ್ತಡಕ್ಕೆ ತಕ್ಕಂತೆ ವೇಗ ಕೊಡುವ ನಿಯಂತ್ರಕಗಳು ಅನಂತರ ಬಂದವು. 1960ರ ದಶಕದ ನಡುವಿನಲ್ಲಿ ಅಮೆರಿಕದ ಊರೂರುಗಳಲ್ಲಿ ಸಾವಿರಾರು ಓಟದ ಅಂಗಡಿಗಳು ತೆರೆದವು; ಪಿಸ್ತೂಲಿನ ಹಿಡಿಯಂಥ ನಿಯಂತ್ರಕ ಹುಡುಗರ ಕೈಯಲ್ಲಿ ನೆಲೆಗೊಂಡಿತು. ದಶಕ ಮುಗಿಯುವುದರೊಳಗೆ ಆ ಹುಚ್ಚು ಇಳಿದು ಅಂಗಡಿಗಳು ಮುಚ್ಚಿದವು. ನಿಯಂತ್ರಕ ಮಾತ್ರ ಉಳಿಯಿತು.

ರೋಧ ಎಷ್ಟಿರಬೇಕು ಎಂಬುದಕ್ಕೆ ಓಮ್‌ನ ನಿಯಮವೇ ಉತ್ತರ. 12 ವೋಲ್ಟಿನ ಹಾದಿಯಲ್ಲಿ ಕಾರು 0.2 ಆಂಪಿಯರ್ ಪ್ರವಾಹ ಬೇಡುತ್ತದೆ, ದಾರಿಯಲ್ಲಿ 30 ಓಮ್ ರೋಧವಿದೆ ಎಂದುಕೊಳ್ಳಿ. 30ನ್ನು 0.2ರಿಂದ ಗುಣಿಸಿದರೆ 6 ವೋಲ್ಟ್ ರೋಧದಲ್ಲಿಯೇ ಕಳೆದು, ಉಳಿದ 6 ವೋಲ್ಟ್ ಕಾರಿಗೆ ಸಲ್ಲುತ್ತದೆ. ಅದೇ ನಿಯಂತ್ರಕಕ್ಕೆ 2 ಆಂಪಿಯರ್ ಬೇಡುವ ಹಸಿದ ಮೋಟಾರನ್ನು ಜೋಡಿಸಿದರೆ, 30 ಓಮಿನ ಮೂಲಕ 0.4 ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ಕುದುರೆಯನ್ನು ಬಹುಪಾಲು ಎಳೆಯುವವರೆಗೂ ಕಾರು ಮಿಸುಕದೆ, ಕೊನೆಯಲ್ಲಿ ಒಮ್ಮೆಲೇ ಚಿಮ್ಮುತ್ತದೆ. ಆದ್ದರಿಂದಲೇ ಮನೆಯ ಪುಟ್ಟ ಕಾರುಗಳಿಗೆ ಹತ್ತಾರು ಓಮ್‌ಗಳ, ಸ್ಪರ್ಧೆಯ ಬಲಿಷ್ಠ ಕಾರುಗಳಿಗೆ ಕೆಲವೇ ಓಮ್‌ಗಳ ನಿಯಂತ್ರಕಗಳು. ಕಳೆದುಹೋದ ಶಕ್ತಿ ಶಾಖವಾಗುತ್ತದೆ. ನಮ್ಮ ಮನೆಗಳ ಹಳೆಯ ಫ್ಯಾನ್ ರೆಗ್ಯುಲೇಟರಿನ ಪೆಟ್ಟಿಗೆ ಬೆಚ್ಚಗಾಗುತ್ತಿದ್ದುದು ಇದೇ ಕಾರಣಕ್ಕೆ.

ಇನ್ನು ಮೂರನೆಯ ತಂತಿ. ಎರಡೇ ತಂತಿಗಳಿದ್ದರೆ ಪ್ರವಾಹವನ್ನು ಕೊಡಬಹುದು, ತಡೆಯಬಹುದು. ಕೈಬಿಟ್ಟಾಗ ಪ್ರವಾಹ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಹಿಂದಿನ ವೇಗದ ಜಡತ್ವದಲ್ಲಿ ಅದು ತಿರುವಿನೊಳಗೆ ನುಗ್ಗುತ್ತದೆ. ಬ್ರೇಕು ಬೇಕು, ಆದರೆ ಬೆರಳಿನಷ್ಟುದ್ದದ ಕಾರಿನಲ್ಲಿ ಬ್ರೇಕನ್ನು ಎಲ್ಲಿ ಅಡಗಿಸುವುದು?

ಉತ್ತರ ಮೋಟಾರಿನಲ್ಲಿಯೇ ಇತ್ತು. 1831ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. 1834ರಲ್ಲಿ ರಷ್ಯದ ಎಮಿಲ್ ಲೆಂಜ್, ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ ಎಂದು ಸಾರಿದ. ಉರುಳುತ್ತಿರುವ ಕಾರಿನ ಚಕ್ರ ಮೋಟಾರನ್ನು ತಿರುಗಿಸಿದಾಗ ಆ ಮೋಟಾರೇ ವಿದ್ಯುಜ್ಜನಕವಾಗುತ್ತದೆ. ಆಗ ಹಾದಿಯ ಎರಡು ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿದರೆ, ಹುಟ್ಟಿದ ಪ್ರವಾಹ ಮೋಟಾರಿನೊಳಗೇ ಸುತ್ತಿ, ಅದನ್ನು ಹಿಂದಕ್ಕೆಳೆದು ಹಿಡಿಯುತ್ತದೆ. ಕುದುರೆಯನ್ನು ಪೂರ್ತಿ ಬಿಟ್ಟಾಗ ಲೋಹದ ಬೆರಳು ಹೋಗಿ ತಾಗುವ ಕೊನೆಯ ತುದಿ ಈ ಕೂಡಿಕೆಯನ್ನು ಮಾಡುತ್ತದೆ. ಮೂರನೆಯ ತಂತಿ ಇರುವುದು ಅದಕ್ಕಾಗಿ.

ಅಮೆರಿಕದ ರೂಢಿಯಂತೆ ಬಿಳಿಯ ತಂತಿ ವಿದ್ಯುತ್ ಮೂಲದ ಧನ ತುದಿಗೆ, ಕಪ್ಪು ತಂತಿ ಹಾದಿಯ ಒಂದು ಪಟ್ಟಿಗೆ. ಇನ್ನೊಂದು ಪಟ್ಟಿ ಮೂಲದ ಋಣ ತುದಿಗೆ. ಕೆಂಪು ತಂತಿಯೂ ಅದೇ ಋಣ ತುದಿಗೆ. ಬಿಳಿ ಕೆಂಪುಗಳು ಅದಲುಬದಲಾದರೆ, ಕೈಬಿಟ್ಟಾಗ ಪೂರ್ಣವೇಗದಲ್ಲಿ ಓಡುವ, ಒತ್ತಿದಾಗ ನಿಲ್ಲುವ ತಲೆಕೆಳಗಾದ ಕಾರು ಸಿದ್ಧವಾಗುತ್ತದೆ. ಮೂಲದ ಬಳಿ ಒಂದು ಫ್ಯೂಸ್ ಇರಲಿ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ವಿದ್ಯುತ್ ತೆಗೆಯುವ ಸಾಹಸ ಬೇಡವೇ ಬೇಡ. ಕಂಪನಿಯವರೇ ಮಾಡಿದ, ಕಡಿಮೆ ವೋಲ್ಟಿನ ಅಡಾಪ್ಟರ್ ಮಾತ್ರ ಬಳಸಿರಿ. ಸಾಧ್ಯವಾದರೆ ಒಬ್ಬೊಬ್ಬ ಆಟಗಾರನಿಗೂ ಪ್ರತ್ಯೇಕ ಅಡಾಪ್ಟರ್ ಇರಲಿ. ದುರ್ಬಲವಾದ ಒಂದೇ ಮೂಲವನ್ನು ಇಬ್ಬರು ಹಂಚಿಕೊಂಡರೆ, ಒಬ್ಬರ ಕಾರು ಹಾರಿಬಿದ್ದ ಕ್ಷಣ ಇನ್ನೊಬ್ಬರ ಕಾರಿಗೆ ವೋಲ್ಟೇಜ್ ಏರಿ ಅದೂ ಹಾರುತ್ತದೆ. ಮನೆಗಳಲ್ಲಿ ಜಗಳಕ್ಕೆ ಅಷ್ಟೇ ಸಾಕು.

ಮೋಟಾರನ್ನೇ ಬ್ರೇಕಾಗಿಸುವ ಈ ತತ್ತ್ವವನ್ನು ಆಟಿಕೆಯ ತತ್ತ್ವವೆಂದು ತಾತ್ಸಾರ ಮಾಡಬೇಡಿರಿ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಓಡತೊಡಗಿದ ನಮ್ಮ ಮೆಟ್ರೊ, ಪಕ್ಕದ ಮೂರನೆಯ ಹಳಿಯನ್ನು ಸವರುತ್ತ 750 ವೋಲ್ಟಿನ ವಿದ್ಯುತ್ ಪಡೆಯುತ್ತದೆ. ನಿಲ್ದಾಣ ಬಂದಾಗ ಅದರ ಮೋಟಾರುಗಳೂ ವಿದ್ಯುಜ್ಜನಕಗಳಾಗಿ ರೈಲನ್ನು ಹಿಡಿದು ನಿಲ್ಲಿಸುತ್ತವೆ. ಒಂದು ವ್ಯತ್ಯಾಸವುಂಟು: ನಮ್ಮ ಪುಟ್ಟ ಕಾರು ಆ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ, ಮೆಟ್ರೊ ಅದನ್ನು ಹಳಿಗೆ ಮರಳಿಸುತ್ತದೆ.

ಈಗಿನ ನಿಯಂತ್ರಕಗಳಲ್ಲಿ ಸುರುಳಿಯ ಜಾಗಕ್ಕೆ ಟ್ರಾನ್ಸಿಸ್ಟರುಗಳೂ ಚಿಪ್ಪುಗಳೂ ಬಂದಿವೆ. 2004ರಿಂದ ಸ್ಕೇಲೆಕ್ಸ್‌ಟ್ರಿಕ್‌ನಲ್ಲಿಯೂ ಡಿಜಿಟಲ್ ಕಾರುಗಳಿವೆ. ಒಂದೇ ಸೀಳಿನಲ್ಲಿ ಹಲವು ಕಾರುಗಳು ಓಡಿ, ಹಾದಿ ಬದಲಿಸಬಲ್ಲವು. ಇವು ಹಳೆಯವಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಲಿಯುವ ಮಗುವಿನ ಕೈಗೆ ಮೊದಲು ಕೊಡಬೇಕಾದದ್ದು, ನಾಲ್ಕು ತಿರುಪು ಬಿಚ್ಚಿದರೆ ಒಳಗಿನದೆಲ್ಲ ಕಾಣುವ ತಂತಿಸುರುಳಿಯ ನಿಯಂತ್ರಕವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಪ್ಪಿನೊಳಗೆ ಓಮ್ ಕಾಣುವುದಿಲ್ಲ, ಲೆಂಜ್ ಕಾಣುವುದಿಲ್ಲ. ಬರಿಯ ಗುಂಡಿಯೊತ್ತುವುದನ್ನು ಕಲಿತ ಮಗು ಗಿರಾಕಿಯಾಗಿ ಬೆಳೆದೀತು. ತಂತಿ ಜೋಡಿಸುವುದನ್ನು ಕಲಿತ ಮಗು ಏಕೆ ಎಂದು ಕೇಳಲು ಕಲಿಯುತ್ತದೆ.

ನಂಬಿಕೆ ಬಾರದವರು ಒಂದು ಪ್ರಯೋಗ ಮಾಡಿರಿ. ಹಾಳಾದ ಆಟಿಕೆಯಿಂದ ಮೋಟಾರೊಂದನ್ನು ತೆಗೆದು, ಅದರ ಅಕ್ಷವನ್ನು ಬೆರಳುಗಳಿಂದ ತಿರುಗಿಸಿರಿ, ಸಲೀಸಾಗಿ ತಿರುಗುತ್ತದೆ. ಈಗ ಅದರ ಎರಡು ತಂತಿಗಳ ತುದಿಗಳನ್ನು ಕೂಡಿಸಿ ಹಿಡಿದು ಮತ್ತೆ ತಿರುಗಿಸಿರಿ. ಒಳಗೆ ಯಾರೋ ಹಿಡಿದು ನಿಲ್ಲಿಸಿದಂತೆ ಅದು ಬಿಗಿಯಾಗುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲು ವಿವರಿಸಲು ಹೋಗದೆ, ಅವರ ಬೆರಳಿಗೇ ಬಿಟ್ಟುಬಿಡಿರಿ. ಅವರು ಕೇಳುವ ಪ್ರಶ್ನೆಗಳನ್ನು ನನಗೆ ಬರೆದು ಕಳುಹಿಸಿರಿ.